ಹುಲಿಯಪ್ಪನ ಬಲಗಣ್ಣು

ಹೊಸನಗರದ ಸಂತೆಯಲ್ಲಿ ನಿಂತು ‘ಹುಲಿಯಪ್ಪಾ’ ಎಂದು ಕೂಗಿದರೆ ಮೂರ್ನಾಲ್ಕು ಜನ ತಿರುಗಿ ನೋಡಿಯಾರು. ‘ಜೇನು ಹುಲಿಯಪ್ಪ ಎಲ್ಲಿ’ ಎಂದು ಕೇಳಿದರೆ ಮಾತ್ರ ಒಣಮೀನು ಮಾರುವವಳೂ ಕೈ ಮಾಡಿ ತೋರಿಸುತ್ತಾಳೆ. ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾರ ಮನೆ ಗೋಡೆಯಲ್ಲಿ ಜೇನು ಕೂತರೂ, ಯಾರಿಗೆ ಜೇನುಪೆಟ್ಟಿಗೆ ಬೇಕಾದರೂ ಫೋನು ಹೋಗುವುದು ಅವನಿಗೇ. ಹುತ್ತದಲ್ಲೋ ಮರದ ಪೊಟರೆಯಲ್ಲೋ ಗೂಡು ಮಾಡಿಕೊಂಡ ತುಡುವೆ ಜೇನನ್ನು ಹುಡುಕಿ, ರಾಣಿಯ ಸಮೇತ ಪೆಟ್ಟಿಗೆಗೆ ಇಳಿಸಿ, ಬೇಕೆಂದವರಿಗೆ ಮುಟ್ಟಿಸುವುದು ಅವನ ಕಸುಬು.

ಹುಡುಕುವುದೆಂದರೆ ಹೇಗೆ ಅಂತೀರಿ? ಸಂಜೆಯ ಓರೆ ಬಿಸಿಲಿಗೆ ಮುಖ ಮಾಡಿ ನಿಲ್ಲಬೇಕು. ಹೂವಿನಿಂದ ಗೂಡಿಗೆ ಹೊರಟ ಹುಳ ಆ ಬೆಳಕಿನಲ್ಲಿ ಒಂದೇ ಒಂದು ಕ್ಷಣ ಕಿಡಿಯ ಹಾಗೆ ಮಿನುಗಿ ಹೋಗುತ್ತದೆ. ಅದರ ಜಾಡು ಹಿಡಿದು ಓಡಬೇಕು. ಬೇಲಿ, ಹಳ್ಳ, ಗದ್ದೆಬದು, ಯಾರದೋ ಹಿತ್ತಲಿನ ನಾಯಿ ಒಂದೂ ಲೆಕ್ಕಕ್ಕಿಲ್ಲ. ಐವತ್ತು ದಾಟಿದ ಮನುಷ್ಯ ಲುಂಗಿ ಎತ್ತಿ ಕಟ್ಟಿ, ಆಕಾಶ ನೋಡುತ್ತ ಓಡುವುದನ್ನು ಹೊಸಬರು ಕಂಡರೆ ಇವನಿಗೆ ತಲೆ ಕೆಟ್ಟಿದೆ ಎಂದೇ ತಿಳಿಯುತ್ತಾರೆ. ಅವನ ಹೆಂಡತಿ ಬಂಗಾರಮ್ಮ ಮದುವೆಯಾದ ಹೊಸದರಲ್ಲಿ ಹಾಗೇ ತಿಳಿದಿದ್ದಳಂತೆ. ಈಗಲೂ ಪೂರ್ತಿ ಅನುಮಾನ ಹೋಗಿಲ್ಲ ಎನ್ನುತ್ತಾಳೆ.

ತಮಾಷೆಯೆಂದರೆ ಇಷ್ಟೆಲ್ಲ ನಡೆಯುತ್ತಿದ್ದದ್ದು ಒಂದೇ ಕಣ್ಣಿನಲ್ಲಿ. ಅವನ ಎಡಗಣ್ಣು ಹುಟ್ಟಾ ಸೋಮಾರಿ. ಎದುರಿಗೆ ಆಳು ಬಂದರೆ ಬಂತೆಂದು ಹೇಳುತ್ತದೆಯೇ ಹೊರತು ಯಾರೆಂದು ಹೇಳುವುದಿಲ್ಲ. ಕೆಲಸವೆಲ್ಲ ಬಲಗಣ್ಣಿನದು. ಪೆಟ್ಟಿಗೆಯಲ್ಲಿ ರಾಣಿ ಇದ್ದಾಳೋ ಇಲ್ಲವೋ ತಿಳಿಯಲು ಜೇನಿನ ಎರಿಯ ಕೋಣೆಗಳಲ್ಲಿ ಮೊಟ್ಟೆ ಹುಡುಕಬೇಕು. ಅಕ್ಕಿಯ ನುಚ್ಚಿಗಿಂತ ಸಣ್ಣದಾಗಿ, ಒಂದೊಂದು ಕೋಣೆಯ ತಳದಲ್ಲಿ ಒಂದೊಂದು. ಎರಿಯನ್ನು ಬಿಸಿಲಿಗೆ ಹಿಡಿದು, ‘ಇದಾಳೆ, ರಾಣಿ ಇದಾಳೆ’ ಎಂದು ಹೇಳಿ ಹುಲಿಯಪ್ಪ ಹಲ್ಲು ಬಿಡುತ್ತಿದ್ದ. ದೇವರು ಎರಡು ಕಣ್ಣಿನ ಶಕ್ತಿಯನ್ನು ಒಂದಕ್ಕೇ ಸುರಿದಿದ್ದಾನೆ ಎಂದು ಅವನ ಜಂಬ.

ಹೊಸನಗರ ಪೇಟೆಯಲ್ಲಿ ಶಾಂತಿರಾಜ ಮೇಷ್ಟ್ರು ಎಂದು ಒಬ್ಬರಿದ್ದರು. ಹೈಸ್ಕೂಲಿನಿಂದ ನಿವೃತ್ತರು, ಜೈನರು. ಅವರ ಬಚ್ಚಲ ಗೋಡೆಯ ಗೂಡಿಗೂ ತುಡುವೆ ಜೇನಿಗೂ ಏನೋ ಋಣಾನುಬಂಧ. ಚಳಿಗಾಲ ಕಳೆಯಿತೆಂದರೆ ಅಲ್ಲೊಂದು ಹಿಂಡು ಬಂದು ಕೂರುತ್ತಿತ್ತು. ಹೊಗೆ ಹಾಕಿ ಓಡಿಸಿ ಎಂದು ಅಕ್ಕಪಕ್ಕದವರು ಹೇಳಿದರೆ ಮೇಷ್ಟ್ರು ಕೇಳುವವರಲ್ಲ. ಹುಲಿಯಪ್ಪನೇ ಬರಬೇಕು, ಒಂದು ಹುಳವೂ ಸಾಯದ ಹಾಗೆ ಸಾಗಿಸಬೇಕು. ಅವನು ಎರಿ ಬಿಡಿಸುವಾಗ ಮೇಷ್ಟ್ರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು, ‘ಅಲ್ಲೊಂದು ಕೆಳಗೆ ಬಿತ್ತು ನೋಡು’ ಎಂದು ಕೈ ತೋರಿಸುತ್ತಿದ್ದರು.

ಕೆಲಸ ಮುಗಿದ ಮೇಲೆ ಒಂದು ಜಗ್ಗಾಟ ಇದ್ದೇ ಇರುತ್ತಿತ್ತು. ಹುಲಿಯಪ್ಪ ಬೆರಳ ತುದಿಯಲ್ಲಿ ಜೇನು ಒಸರುವ ಎರಿಯ ಚೂರು ಹಿಡಿದು, ‘ಒಂದು ಸಲ ನಾಲಿಗೆಗೆ ಸೋಕ್ಸಿ ಮೇಷ್ಟ್ರೇ’ ಎನ್ನುವುದು. ಜೈನರು ಜೇನು ಮುಟ್ಟುವುದಿಲ್ಲವೆಂದು ಅವನಿಗೆ ಗೊತ್ತಿಲ್ಲವೇ? ಗೊತ್ತಿದ್ದೇ ಕೆಣಕುವುದು. ಮೇಷ್ಟ್ರೂ ಸಿಟ್ಟಾಗುತ್ತಿರಲಿಲ್ಲ. ‘ಅವು ಕೂಡಿಟ್ಟದ್ದು ಅವಕ್ಕೇ ಇರ್ಲಿ ಮಾರಾಯ’ ಎಂದು ನಗುತ್ತಿದ್ದರು. ಅವರ ಹೆಂಡತಿ ಜಿನಮತಿಯಮ್ಮ ಒಳಗಿನಿಂದ ಬೆಲ್ಲದ ಕಾಫಿ ತಂದುಕೊಡುವಲ್ಲಿಗೆ ಆ ವರ್ಷದ ಜಗ್ಗಾಟ ಮುಗಿಯುತ್ತಿತ್ತು.

ಕಣ್ಣಿಗೆ ಕುಟುಕಿದ್ದು ಮೇಷ್ಟ್ರ ಮನೆಯ ಜೇನಲ್ಲ. ಮಂಡಗದ್ದೆಯ ಹತ್ತಿರ ಒಂದು ಹುತ್ತ ಅಗೆಯುವಾಗ, ಬೆವರು ಒರೆಸಲು ಮುಖದ ಬಲೆ ಎತ್ತಿದ್ದಾನೆ. ಅಷ್ಟೇ ಸಾಕಾಯಿತು. ಹುಳ ನೇರ ಬಂದು ಬಲಗಣ್ಣಿನ ಕರಿಗುಡ್ಡೆಗೇ ಕೊಂಡಿ ನಾಟಿಸಿತು. ಸಾವಿರಾರು ಸಲ ಕುಟುಕಿಸಿಕೊಂಡ ಮೈ, ಇದೂ ಒಂದು ಎಂದು ಮನೆಗೆ ಬಂದ. ಬಂಗಾರಮ್ಮ ಸೆರಗಿನ ತುದಿಯಲ್ಲಿ ಕೊಂಡಿ ತೆಗೆದಳು. ಆಮೇಲೆ ಗಂಡ ಹೆಂಡತಿ ಇಬ್ಬರೂ ಸೇರಿ, ಈ ಸೀಮೆಯವರು ಮಾತ್ರ ಮಾಡಬಹುದಾದ ತಪ್ಪನ್ನು ಭಕ್ತಿಯಿಂದ ಮಾಡಿದರು. ದೇವರ ಗೂಡಿನಲ್ಲಿದ್ದ ಮಿಸರಿ ಜೇನಿನ ಶೀಶೆ ಇಳಿಸಿದರು.

ಮಿಸರಿಯೆಂದರೆ ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ ಇರುವ ನೊಣದಷ್ಟು ಸಣ್ಣ ಜೇನು. ಕುಟುಕುವುದಿಲ್ಲ. ಅದರ ತುಪ್ಪ ಚಮಚೆಯಷ್ಟು ಸಿಕ್ಕರೆ ಹೆಚ್ಚು. ಹುಳಿಮಿಶ್ರಿತ ಸಿಹಿ. ಕೆಮ್ಮಿಗೆ ಅದು, ಸುಟ್ಟ ಗಾಯಕ್ಕೆ ಅದು, ಕಣ್ಣುರಿಗಂತೂ ಅದೇ. ಅಜ್ಜಿ ಕಣ್ಣಿಗೆ ಬಿಟ್ಟಿದ್ದಳು, ಅಮ್ಮ ಬಿಟ್ಟಿದ್ದಳು, ಬಂಗಾರಮ್ಮನೂ ಗಂಡನ ತಲೆ ಹಿಂದಕ್ಕೆ ಬಾಗಿಸಿ ಒಂದು ಹನಿ ಬಿಟ್ಟಳು. ಬೆಳಿಗ್ಗೆ ಒಂದು, ಸಂಜೆ ಒಂದು. ಉರಿ ಹೆಚ್ಚಾದಷ್ಟೂ ಔಷಧಿ ಹಿಡಿಯುತ್ತಿದೆ ಎಂದು ಸಮಾಧಾನ. ವಾರ ತುಂಬುವುದರೊಳಗೆ ಕಣ್ಣು ಕೀವುಗಟ್ಟಿ, ರೆಪ್ಪೆ ತೆರೆಯದಂತಾಯಿತು. ಆಮೇಲೆ ಆಸ್ಪತ್ರೆ.

ಶಿವಮೊಗ್ಗದ ಕಣ್ಣಾಸ್ಪತ್ರೆಯ ಡಾಕ್ಟರು ವೇದಾವತಿ ಸೋಂಕನ್ನೇನೋ ವಾಸಿ ಮಾಡಿದರು. ಆದರೆ ಕರಿಗುಡ್ಡೆಯ ಮೇಲೆ ಬಿಳಿ ಹೂ ಕೂತುಬಿಟ್ಟಿತ್ತು. ಹುಲಿಯಪ್ಪನಿಗೆ ಈಗ ಬಲಗಣ್ಣಿನಲ್ಲಿ ಕಾಣುತ್ತಿದ್ದದ್ದು ಹಾಲು ಚೆಲ್ಲಿದ ಗಾಜಿನ ಆಚೆಗಿನ ಬೆಳಕು. ಮೊದಲ ದಿನವೇ ಬಂದಿದ್ದರೆ ಹನಿ ಔಷಧಿಯಲ್ಲೇ ಹೋಗುತ್ತಿತ್ತೇನೋ ಎಂದು ಡಾಕ್ಟರು ಹೇಳಿದಾಗ ಬಂಗಾರಮ್ಮ ಗೋಡೆಯ ಕಡೆ ತಿರುಗಿ ಅತ್ತಳು. ಶೀಶೆ ಹಿಡಿದ ಕೈ ತನ್ನದೇ ಅಲ್ಲವೇ.

ಆ ವರ್ಷ ಹುಲಿಯಪ್ಪನ ಅಂಗಳದ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ಮೊಟ್ಟೆ ಕಾಣುವುದಿಲ್ಲ, ರಾಣಿ ಸತ್ತದ್ದು ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಗೂಡೇ ಮುಗಿದಿರುತ್ತಿತ್ತು. ತಂಗಿಯ ಮಗ ಉಮೇಶ್ ಸಣ್ಣ ಗೂಡ್ಸ್ ಗಾಡಿ ಓಡಿಸುವವನು, ಬಿಡುವಾದಾಗ ಬಂದು ನೋಡುತ್ತಿದ್ದ. ಅವನಿಗೆ ಜೇನೆಂದರೆ ಜೀವಭಯ. ಬರುವ ಫೋನುಗಳೆಲ್ಲ ನಿಂತವು. ಈ ಕಣ್ಣು ಬರದಿದ್ದರೆ ಹುಲಿಯಪ್ಪ ಉಳಿಯುತ್ತಾನೆ, ಜೇನು ಹುಲಿಯಪ್ಪ ಉಳಿಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಡಾಕ್ಟರು ಕಾರ್ನಿಯಾ ಕಸಿಯ ಮಾತೆತ್ತಿದ್ದು ಆಗ. ಬಂಗಾರಮ್ಮ ಅದನ್ನು ಪೊರೆಯ ಆಪರೇಷನ್ ಎಂದುಕೊಂಡಳು. ಅಲ್ಲ ಎಂದ ಮೇಲೆ, ಸತ್ತವರ ಕಣ್ಣುಗುಡ್ಡೆಯನ್ನೇ ಕಿತ್ತು ಇಡುತ್ತಾರೆಂದು ಹೆದರಿದಳು. ಬೆಕ್ಕಿನ ಕಣ್ಣಿನವರದ್ದು ಬಂದರೆ ಏನು ಗತಿ, ಹೆಂಗಸಿನದ್ದು ಬಂದರೆ ಇವರು ಲೋಕವನ್ನು ಹೇಗೆ ನೋಡುತ್ತಾರೆ ಎಂದೆಲ್ಲ ಕೇಳಿದಳು. ವೇದಾವತಿ ನಗುತ್ತಲೇ ತಮ್ಮ ಕೈಗಡಿಯಾರ ಬಿಚ್ಚಿ ಮುಂದಿಟ್ಟರು. ಇದರ ಮುಳ್ಳು, ಚಕ್ರ ಎಲ್ಲ ಸರಿಯಿದೆ, ಮೇಲಿನ ಗಾಜು ಮಾತ್ರ ಮಸುಕಾಗಿದೆ, ಆ ಗಾಜನ್ನಷ್ಟೇ ಬದಲಿಸುವುದು ಎಂದರು. ಕಣ್ಣಿನ ಬಣ್ಣವಿರುವುದು ಗಾಜಿನ ಹಿಂದೆ, ಅದು ಹುಲಿಯಪ್ಪನದೇ ಉಳಿಯುತ್ತದೆ. ಕಲೆಯಾದ ಭಾಗವನ್ನು ಬಿಲ್ಲೆಯ ಹಾಗೆ ದುಂಡಗೆ ಕತ್ತರಿಸಿ ತೆಗೆದು, ದಾನ ಬಂದ ಕಾರ್ನಿಯಾದಿಂದ ಅದೇ ಅಳತೆಯ ಬಿಲ್ಲೆಯನ್ನು ಅಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳನೆಯ ದಾರದಲ್ಲಿ ಸುತ್ತಲೂ ಹೊಲಿಯುತ್ತಾರೆ. ಅದರಲ್ಲಿ ರಕ್ತನಾಳವಿಲ್ಲ, ಹಾಗಾಗಿ ಸಾಮಾನ್ಯವಾಗಿ ರಕ್ತದ ಗುಂಪು ಹೊಂದಿಸುವ ತಾಪತ್ರಯವಿಲ್ಲ. ಇಷ್ಟಾದರೂ ಮೈ ಒಮ್ಮೊಮ್ಮೆ ಅದನ್ನು ಪರಕೀಯವೆಂದು ತಿಳಿದು ಮೇಲೆ ಬೀಳಬಹುದು.

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಹುಲಿಯಪ್ಪ ಸಟಕ್ಕನೆ ನೆಟ್ಟಗಾದ.

‘ಬೇರೆ ಗೂಡಿನ ರಾಣೀನ ತಂದು ಬಿಟ್ಟಂಗೆ ಅಲ್ವಾ ಡಾಕ್ಟ್ರಮ್ಮ?’

ವೇದಾವತಿಗೆ ಅರ್ಥವಾಗಲಿಲ್ಲ. ಅವನು ಕುರ್ಚಿಯ ತುದಿಗೆ ಸರಿದು, ಎರಡೂ ಕೈಯಲ್ಲಿ ಗಾಳಿಯಲ್ಲೇ ಪೆಟ್ಟಿಗೆ ಕಟ್ಟಿ ವಿವರಿಸಿದ. ರಾಣಿಯಿಲ್ಲದ ಪೆಟ್ಟಿಗೆಗೆ ಬೇರೆ ಕಡೆಯ ರಾಣಿಯನ್ನು ತಂದು ದಿಢೀರನೆ ಬಿಟ್ಟರೆ ಹುಳಗಳೆಲ್ಲ ಮುತ್ತಿ ಕೊಂದೇ ಹಾಕುತ್ತವೆ. ಅವಳನ್ನು ಸಣ್ಣ ಪಂಜರದಲ್ಲಿಟ್ಟು, ನಡುನಡುವೆ ಹೊಗೆ ತೋರಿಸಿ ಹುಳಗಳ ಸಿಟ್ಟು ಇಳಿಸಬೇಕು. ವಾಸನೆ ಒಂದಾದ ಮೇಲೆ ಅವಳು ಅವುಗಳದೇ ರಾಣಿ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

‘ಹಾಗೇ. ನಾನು ಕೊಡೋ ಹನಿ ನಿಮ್ಮ ಹೊಗೆ ಅಂತ ತಿಳ್ಕೊಳ್ಳಿ. ಆದ್ರೆ ತುಂಬಾ ಕಾಲ ಬಿಡದೆ ಹಾಕ್ಬೇಕು. ಕೆಂಪಾಯ್ತು, ನೋವಾಯ್ತು, ಬೆಳಕು ಚುಚ್ತು, ಮಂಜಾಯ್ತು, ಇವುಗಳಲ್ಲಿ ಒಂದು ಕಂಡ್ರೂ ಅವತ್ತೇ ಇಲ್ಲಿರ್ಬೇಕು. ಮಾರನೇ ದಿನ ಅಲ್ಲ.’

ಹುಲಿಯಪ್ಪ ತಲೆಯಾಡಿಸಿದ. ಇಷ್ಟು ಖುಷಿಯಾಗಿ ಅವನು ಆಸ್ಪತ್ರೆಯ ಮೆಟ್ಟಿಲು ಇಳಿದದ್ದು ಅದೇ ಮೊದಲು. ಆದರೆ ಕಾರ್ನಿಯಾ ಅಂಗಡಿಯಲ್ಲಿ ಸಿಗುವ ಸಾಮಾನಲ್ಲವಲ್ಲ. ಯಾರೋ ಸಾಯಬೇಕು, ಅವರ ಮನೆಯವರು ಅಳುವಿನ ನಡುವೆಯೂ ನೆನಪಿಟ್ಟು ಕೆಲವೇ ಗಂಟೆಗಳೊಳಗೆ ಫೋನು ಮಾಡಬೇಕು. ಫೋನು ರಿಂಗಾದಾಗೆಲ್ಲ ಓಡಿ ಹೋಗಿ ಎತ್ತುತ್ತಿದ್ದ. ಮರುಕ್ಷಣವೇ, ಥೂ, ಯಾರೋ ಸಾಯಲಿ ಎಂದು ಕಾಯುವಂತಾಯಿತಲ್ಲ ಎಂದು ತನ್ನ ಮೇಲೇ ಬೇಸರ.

ಹೀಗಿರುವಾಗ ಒಂದು ಸಂಜೆ ಉಮೇಶ್ ಪೇಟೆಯಿಂದ ಸುದ್ದಿ ತಂದ. ಶಾಂತಿರಾಜ ಮೇಷ್ಟ್ರು ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತವರು ಹಾಗೇ ಹೋಗಿಬಿಟ್ಟರಂತೆ, ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಿತಂತೆ. ಹುಲಿಯಪ್ಪ ಜಗಲಿಯಲ್ಲಿ ಕುಸಿದು ಕೂತ. ಕೊನೆಯ ಸಲ ಮುಖ ನೋಡಲಿಲ್ಲ ಎನ್ನೋಣವೆಂದರೆ, ಹೋಗಿದ್ದರೂ ನೋಡುವ ಕಣ್ಣೆಲ್ಲಿತ್ತು? ನಾಳೆ ಬೆಳಗಾಗುತ್ತಲೇ ಹೋಗಿ ಜಿನಮತಿಯಮ್ಮನನ್ನು ಮಾತಾಡಿಸಿ ಬರೋಣ ಎಂದು ಹೆಂಡತಿಗೆ ಹೇಳಿದ.

ಬೆಳಗಾಗುತ್ತಲೇ ಬಂದದ್ದು ಫೋನು. ಕಾರ್ನಿಯಾ ಬಂದಿದೆ, ಪರೀಕ್ಷೆಯೂ ಮುಗಿದಿದೆ, ಹೊರಟು ಬನ್ನಿ.

ಆಮೇಲಿನ ಗಡಿಬಿಡಿ ಕೇಳಬೇಡಿ. ಬಂಗಾರಮ್ಮ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನ ಚಪ್ಪಲಿ ಹಾಕಿಕೊಂಡು ಗಾಡಿ ಹತ್ತಿದಳು. ಉಮೇಶ್ ಹಿಂದಿನ ದಿನದ ಸಿಮೆಂಟ್ ಚೀಲ ಇಳಿಸಲೂ ಇಲ್ಲ. ದಾರಿಯುದ್ದಕ್ಕೂ ಹುಲಿಯಪ್ಪ ಮಾತಾಡಿದ್ದೇ ಮಾತಾಡಿದ್ದು: ಎಷ್ಟು ಪೆಟ್ಟಿಗೆ ಮಾಡಿಸಬೇಕು, ಹೊನ್ನೆ ಹೂ ಬಿಡುವುದು ಯಾವಾಗ, ಯಾವ ಹುತ್ತ ಹೋದ ವರ್ಷವೇ ನೋಡಿಟ್ಟಿದ್ದು. ಆಯನೂರು ದಾಟಿದ ಮೇಲೆ ಒಮ್ಮೆಲೇ ಸುಮ್ಮನಾದ. ಮೇಷ್ಟ್ರ ಮನೆಗೆ ಹೋಗಲಾಗಲಿಲ್ಲವಲ್ಲ ಎಂದು ನೆನಪಾಗಿತ್ತು.

ಕಣ್ಣಿನ ಸುತ್ತ ಮರಗಟ್ಟಿಸಿ ಆಪರೇಷನ್ ಮಾಡಿದರು. ಮಾರನೇ ದಿನ ಪಟ್ಟಿ ಬಿಚ್ಚುವಾಗ ಬಂಗಾರಮ್ಮ ಮಂಚದ ಹತ್ತಿರವೇ ನಿಂತಿದ್ದಳು. ಮೊದಲು ಬರೇ ಬೆಳಕು. ಆಮೇಲೆ ನೀರಿನೊಳಗಿನಿಂದ ನೋಡಿದ ಹಾಗೆ ಕಿಟಕಿ, ಕಿಟಕಿಯ ಸರಳು, ಒಂದು ಮುಖ. ಮುಖದಲ್ಲೊಂದು ಮೂಗುಬೊಟ್ಟು ಮಿನುಗಿತು. ಹುಲಿಯಪ್ಪ ಆ ಮಿನುಗನ್ನೇ ನೋಡಿದ, ನೋಡಿದ.

‘ಏ ಬಂಗಾರಿ, ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೇ?’

ವಾರ್ಡಿಗೆ ವಾರ್ಡೇ ನಕ್ಕಿತು. ಬಂಗಾರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟ.

ಊರಿಗೆ ಬಂದ ಮೇಲೆ ಸುದ್ದಿ ಕಿವಿಗೆ ಬಿತ್ತು. ಮೇಷ್ಟ್ರು ಹೋದ ಕೂಡಲೇ, ನೆಂಟರು ಬಂದು ಬೇಡವೆನ್ನುವ ಮೊದಲೇ, ಜಿನಮತಿಯಮ್ಮ ತಾವೇ ಫೋನು ಮಾಡಿ ಕಣ್ಣು ದಾನ ಕೊಡಿಸಿದ್ದರಂತೆ. ಅವರು ಹೋದದ್ದು ಹಿಂದಿನ ದಿನ, ಇವನಿಗೆ ಕಣ್ಣು ಬಂದದ್ದು ಮಾರನೇ ದಿನ. ಸಂತೆಯವರು ಲೆಕ್ಕ ಮುಗಿಸಿಯೇಬಿಟ್ಟರು. ಹುಲಿಯಪ್ಪ ಮುಂದಿನ ಸಲ ಡಾಕ್ಟರನ್ನು ಕೇಳಿದ. ಕೊಟ್ಟವರ ಹೆಸರು ಹೇಳುವ ಪದ್ಧತಿಯಿಲ್ಲ, ಆ ವಾರ ಬೇರೆಯವರೂ ಕೊಟ್ಟಿದ್ದರು ಎಂದು ಅವರು ಅಲ್ಲಿಗೇ ನಿಲ್ಲಿಸಿದರು. ಇವನ ಮನಸ್ಸು ಅಲ್ಲಿಗೆ ನಿಲ್ಲಬೇಕಲ್ಲ. ಜಿನಮತಿಯಮ್ಮನನ್ನು ಮಾತಾಡಿಸಲು ಹೊರಟವನು ಎರಡು ಸಲ ಪೇಟೆಯವರೆಗೆ ಹೋಗಿ ವಾಪಸು ಬಂದ. ಎದುರು ನಿಂತು ಏನು ಹೇಳುವುದು? ಯಾವ ಕಣ್ಣಿನಲ್ಲಿ ಅವರನ್ನು ನೋಡುವುದು?

ತಿಂಗಳುಗಳು ಹೋದಂತೆ ಮಂಜು ಇಳಿಯುತ್ತ ಬಂತು. ಕನ್ನಡಕವೂ ಬಂತು. ಉಮೇಶ್ ಒಂದು ದಿನ ಗಾಡಿಯಲ್ಲಿ ಕೂರಿಸಿಕೊಂಡು ತುಮರಿಯ ಹೊಸ ಸೇತುವೆಯ ಮೇಲೆ ಕರೆದೊಯ್ದ. ಸೇತುವೆ ಇಲ್ಲದ ಕಾಲದಲ್ಲಿ ಜೇನುಪೆಟ್ಟಿಗೆ ಹೊತ್ತು ಲಾಂಚಿಗೆ ಕಾಯುತ್ತಿದ್ದ ಮನುಷ್ಯ, ಹಿನ್ನೀರಿನ ನಡುವೆ ಗಾಡಿ ನಿಲ್ಲಿಸಿಕೊಂಡು, ದೂರದ ನಡುಗಡ್ಡೆಯ ಒಣಮರ ಎಣಿಸಿದ. ಫೋನುಗಳು ಮತ್ತೆ ಬರತೊಡಗಿದವು. ತೀರ್ಥಹಳ್ಳಿ ಕಡೆಯವರೊಬ್ಬರು ಪೆಟ್ಟಿಗೆ ಬೇಕೆಂದರು. ಕಣ್ಣಿಗೆ ಗಾಗಲ್ಸ್, ಅದರ ಮೇಲೆ ಬಲೆ ಹಾಕಿಕೊಂಡು ಹುಲಿಯಪ್ಪ ಹೊಸ ಹಿಂಡನ್ನು ಇಳಿಸಿ, ನಾಳೆ ಮುಟ್ಟಿಸುತ್ತೇನೆ ಎಂದು ಮಾತು ಕೊಟ್ಟ. ಆ ರಾತ್ರಿ ಸಂತೋಷಕ್ಕೆ ಸರಿಯಾಗಿ ನಿದ್ದೆಯೂ ಬರಲಿಲ್ಲ.

ಬೆಳಿಗ್ಗೆ ಎದ್ದರೆ ಕಣ್ಣು ಕೆಂಪು. ಬಾಗಿಲು ತೆರೆದರೆ ಬೆಳಕು ಸೂಜಿಯ ಹಾಗೆ ಚುಚ್ಚಿತು. ಅಂಗಳದ ಪೆಟ್ಟಿಗೆಗಳ ಮೇಲೆ ಮತ್ತೆ ಅದೇ ತೆಳು ಹಾಲು.

ಡಾಕ್ಟರು ಹೇಳಿದ್ದು ಅವನಿಗೆ ಮರೆತಿರಲಿಲ್ಲ. ಆದರೆ ಗಾಡಿಗೆ ಪೆಟ್ಟಿಗೆ ಏರಿಸಿಯಾಗಿದೆ, ಅಲ್ಲಿಯವರು ಕಾಯುತ್ತಿದ್ದಾರೆ, ವರ್ಷದ ಮೇಲೆ ಬಂದ ಮೊದಲ ಕೆಲಸ. ನಿದ್ದೆಗೆಟ್ಟದ್ದಕ್ಕೆ ಕೆಂಪಾಗಿದೆ, ಇವತ್ತು ಮುಟ್ಟಿಸಿ ನಾಳೆ ಶಿವಮೊಗ್ಗಕ್ಕೆ ಹೋದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಅಲ್ಲಿಯವರೆಗೆ ತಂಪಿಗೆ ಒಂದೇ ಒಂದು ಹನಿ. ಹೋದ ಸಲ ಕೆಡಿಸಿದ್ದು ಕೊಂಡಿಯ ವಿಷ, ಮಿಸರಿಯಲ್ಲ ಎಂದು ಅವನ ಒಳಗೆಲ್ಲೋ ಇನ್ನೂ ನಂಬಿಕೆ ಇತ್ತು. ಹುಟ್ಟಿದಾಗಿನಿಂದ ನಂಬಿದ್ದು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ದೇವರ ಗೂಡಿನೊಳಗೆ ಕೈ ಹಾಕಿದ. ಶೀಶೆ ಅಲ್ಲೇ ಇತ್ತು, ಬಂಗಾರಮ್ಮನಿಗೂ ಎಸೆಯಲು ಮನಸ್ಸಾಗಿರಲಿಲ್ಲ.

ತಲೆ ಹಿಂದಕ್ಕೆ ಬಾಗಿಸಿ, ಎಡಗೈಯಲ್ಲಿ ರೆಪ್ಪೆ ಅಗಲಿಸಿ, ಶೀಶೆ ಎತ್ತಿದ. ಹನಿ ಶೀಶೆಯ ಬಾಯಿಗೆ ಬಂದು ದಪ್ಪಗೆ ತೂಗುತ್ತಿತ್ತು. ಬಾಗಿಲಲ್ಲಿ ನೀರಿನ ಕೊಡ ಹೊತ್ತು ನಿಂತಿದ್ದ ಬಂಗಾರಮ್ಮ ಓಡಿ ಬರಲಿಲ್ಲ, ಕೂಗಲಿಲ್ಲ. ಕೊಡವನ್ನು ಸೊಂಟದಿಂದ ಇಳಿಸಿದಳು.

‘ಮೇಷ್ಟ್ರು ಸಾಯೋ ತನಕ ನಾಲಿಗೆಗೆ ಸೋಕಿಸ್ಲಿಲ್ಲ. ಈಗ ಅವ್ರ ಕಣ್ಣಿಗೆ ಬಿಡ್ತೀರಾ?’

ಹುಲಿಯಪ್ಪನ ಕೈ ನಿಂತಿತು. ತೂಗುತ್ತಿದ್ದ ಹನಿ ಕೆನ್ನೆಗೆ ಬಿದ್ದು, ಕಿವಿಯ ಕಡೆ ಹರಿಯಿತು. ಅವರದೇ ಎಂದು ನಿನಗೇನು ಗೊತ್ತು ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ. ಬಚ್ಚಲ ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತ ಮುದುಕ ‘ಬೇಡ ಮಾರಾಯ’ ಎಂದು ನಕ್ಕಂತೆಯೇ ಅವನಿಗೆ ಅನಿಸಿತು. ಅಷ್ಟು ವರ್ಷ ಕೆಣಕಿದರೂ ಸೋಲದ ಮನುಷ್ಯನನ್ನು, ಸತ್ತ ಮೇಲೆ ಹೀಗೆ ಮೋಸದಲ್ಲಿ ಸೋಲಿಸುವುದೇ? ಶೀಶೆಯನ್ನು ಹೆಂಡತಿಯ ಕೈಗೆ ಕೊಟ್ಟು, ಕೆನ್ನೆ ತೊಳೆದುಕೊಂಡು, ಉಮೇಶನಿಗೆ ಪೆಟ್ಟಿಗೆ ಇಳಿಸಲು ಹೇಳಿದ.

ಆ ದಿನ ಉಮೇಶ್ ಗಾಡಿ ಓಡಿಸಿದ್ದು ನೆನೆದರೆ ಬಂಗಾರಮ್ಮನಿಗೆ ಈಗಲೂ ಮೈ ಜುಂ ಎನ್ನುತ್ತದೆ. ಶಿವಮೊಗ್ಗದಲ್ಲಿ ವೇದಾವತಿ ಯಂತ್ರದ ಮುಂದೆ ಅವನ ಗಲ್ಲ ಇಡಿಸಿ ತುಂಬಾ ಹೊತ್ತು ನೋಡಿದರು. ಹುಳ ಮುತ್ತಿವೆ, ಆದರೆ ರಾಣಿ ಇನ್ನೂ ಬದುಕಿದ್ದಾಳೆ ಎಂದರು. ಹಗಲಿಡೀ ಗಂಟೆಗೊಮ್ಮೆ ಹನಿ. ಬಂಗಾರಮ್ಮ ಗಂಡನ ಪಕ್ಕ ಕೂತು, ಪ್ರತಿ ಸಲವೂ ಕೈ ತೊಳೆದು, ಎಣಿಸಿ ಒಂದೇ ಹನಿ ಬಿಟ್ಟಳು. ಈ ಸಲವೂ ಶೀಶೆ ಹಿಡಿದ ಕೈ ಅವಳದೇ. ವಾರ ಕಳೆಯುವುದರೊಳಗೆ ಹಾಲು ತಿಳಿಯಾಗಿ, ಮೂಗುಬೊಟ್ಟು ಮತ್ತೆ ಮಿನುಗಿತು.

ಮುಂದಿನ ಚಳಿಗಾಲ ಕಳೆಯುತ್ತಿದ್ದಂತೆ ಜಿನಮತಿಯಮ್ಮನ ಫೋನು ಬಂತು. ಬಚ್ಚಲ ಗೋಡೆಗೆ ಜೇನು ಬಂದಿದೆ, ಬರುತ್ತೀಯಾ ಎಂದರು. ಈಗ ಹೋಗದೆ ವಿಧಿಯಿರಲಿಲ್ಲ.

ಮೇಷ್ಟ್ರ ಕುರ್ಚಿ ಅದೇ ಜಾಗದಲ್ಲಿತ್ತು. ಹುಲಿಯಪ್ಪ ಅದರ ಕಡೆ ಹೆಚ್ಚು ನೋಡದೆ ಕೆಲಸಕ್ಕೆ ಕೈ ಹಾಕಿದ. ಹಗುರಾಗಿ ಹೊಗೆ ತೋರಿಸಿ, ಎರಿ ಒಂದೊಂದೇ ಬಿಡಿಸಿ ಚೌಕಟ್ಟಿಗೆ ಕಟ್ಟಿದ. ಕೊನೆಯ ಎರಿಯನ್ನು ಬಿಸಿಲಿಗೆ ಹಿಡಿದ. ಕೋಣೆ ಕೋಣೆಯ ತಳದಲ್ಲೂ ನುಚ್ಚಿನಂಥ ಮೊಟ್ಟೆ, ಒಂದೊಂದೂ ಬಿಡಿಬಿಡಿಯಾಗಿ ಕಂಡಿತು. ‘ಇದಾಳೆ’ ಎಂದ, ಗಟ್ಟಿಯಾಗಿ, ಕುರ್ಚಿಯ ಕಡೆ ತಿರುಗಿ. ಕೆಳಗೆ ಬಿದ್ದ ಹುಳಗಳನ್ನೂ ತಾನೇ ಹುಡುಕಿ, ಎಲೆಯಿಂದ ಎತ್ತಿ ಪೆಟ್ಟಿಗೆಗೆ ಬಿಟ್ಟ. ಜೇನು ತುಂಬಿದ ಎರಿಯನ್ನೂ ಹಿಂಡದೆ ಅವುಗಳ ಜೊತೆಗೇ ಇಟ್ಟ.

ಜಿನಮತಿಯಮ್ಮ ಕಾಫಿ ಹಿಡಿದು ಬಾಗಿಲ ನೆರಳಿನಲ್ಲಿ ನಿಂತು ಎಲ್ಲ ನೋಡುತ್ತಿದ್ದರು.

‘ಈ ಸಲ ಒಂದು ಚೂರು ತಿನ್ನಿ ಅಂತ ಕೇಳ್ಲೇ ಇಲ್ಲ ನೀನು.’

‘ಬೇಡ ಅಂದಿದ್ರಲ್ಲಮ್ಮ ಮೇಷ್ಟ್ರು. ಅವು ಕೂಡಿಟ್ಟದ್ದು ಅವಕ್ಕೇ ಇರ್ಲಿ.’

ಸಂತೆಯ ಮಾತು ಜಿನಮತಿಯಮ್ಮನ ಕಿವಿಗೂ ಬಿದ್ದಿರಬೇಕು. ಕೇಳಿದ್ದು ಇಷ್ಟೇ: ‘ಚೆನ್ನಾಗಿ ಕಾಣ್ಸುತ್ತಾ ಹುಲಿಯಪ್ಪ?’

‘ಕಾಣ್ಸುತ್ತಮ್ಮ. ಅಲ್ಲಿ ಕತ್ತಲು, ನೀವು ಸರಿಯಾಗಿ ಕಾಣ್ತಿಲ್ಲ.’

ಜಿನಮತಿಯಮ್ಮ ಕಾಫಿಯ ಲೋಟವನ್ನು ಕಿಟಕಿಯ ಮೇಲಿಟ್ಟರು. ಕೆದರಿದ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಸವರಿ, ಸೆರಗು ಸರಿಮಾಡಿಕೊಂಡರು. ಆಮೇಲೆ ಹೊಸ್ತಿಲು ದಾಟಿ ಬಂದು, ಅವನ ಎದುರಿಗೆ, ಬಿಸಿಲಿನಲ್ಲಿ ನಿಂತರು.